ಕೆರೆಗೆ ಹೋದ ಬುಟ್ಟಿ

೧೧ ಫೆಬ್ರವರಿ ೧೯೩೮

ಶುಕ್ರವಾರ, ಶಾಲೆಗೆ ವಾರದ ರಜೆ. ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದೆ. ಊರ ಸರ್ಕಾರಿ ಬಂಗಲೆಯ ಕಾವಲುಗಾರ ಹುಸೇನ್‌ಸಾಬ್ ಏದುಸಿರು ಬಿಡುತ್ತ ಬಂದ. "ಮಾಸ್ತರ್ರೀ, ಜಲ್ದಿ ಬರ್ರಿ. ಬೇಗಂ ಸಾಹೇಬ್ರು ಒಂದು ಗಿಡ ತಂದಾರ, ಸಾಯಾಕತ್ತೈತಿ" ಎಂದ. ತಲೆಯ ಎಣ್ಣೆ ತಲೆಯಲ್ಲೇ ಇಟ್ಟುಕೊಂಡು ಹೋದೆ.

ನಮ್ಮೂರ ಗುಡ್ಡದ ಹಳೆಯ ಶಾಸನ ನೋಡಲು ಹೈದರಾಬಾದಿನಿಂದ ಬಂದ ಇಂಜಿನಿಯರ್ ಸಾಹೇಬರ ಸಂಸಾರ ನಿನ್ನೆಯಿಂದ ಬಂಗಲೆಯಲ್ಲಿದೆ. ಅವರ ಬೇಗಂ ಮೋಟಾರಿನಲ್ಲಿ ತಗಡಿನ ಬಕೆಟ್ಟು ಇಟ್ಟುಕೊಂಡೇ ಬಂದಿದ್ದಾರೆ. ಅದರಲ್ಲಿ ಎರಡು ಗಿಡ. ನೆಲದ್ದಲ್ಲ, ನೀರಿನ ಮೇಲೆ ತೇಲುವುದು. ಎಲೆ ದುಂಡಗೆ, ಎಣ್ಣೆ ಸವರಿದಂತೆ ಹೊಳಪು. ಎಲೆಯ ತೊಟ್ಟು ನಡುವೆ ಎಳೆ ಸೋರೆಕಾಯಿಯಂತೆ ಉಬ್ಬಿದೆ. ಒಂದನ್ನು ಚಿವುಟಿ ನೋಡಿದೆ, ಒಳಗೆ ಬರೀ ಬೆಂಡು ಮತ್ತು ಗಾಳಿ. ಬೇರು ಕಪ್ಪು ನೇರಳೆ, ನೀರಿನಲ್ಲಿ ಹಕ್ಕಿಯ ಗರಿಯಂತೆ ಬಿಚ್ಚಿಕೊಳ್ಳುತ್ತದೆ.

ಬೇಗಂ ಪರದೆಯ ಹಿಂದಿನಿಂದ ಹೇಳಿಸಿದರು: ಕಲ್ಕತ್ತೆಯಿಂದ ಬಂದ ಗೆಳತಿಯೊಬ್ಬಳು ಕೊಟ್ಟದ್ದು, ಹೆಸರು ಗೊತ್ತಿಲ್ಲ, ಹೂವು ಬಹಳ ಚಂದವಂತೆ, ಇನ್ನೂ ದೂರ ಒಯ್ದರೆ ಸತ್ತೀತು, ಇಲ್ಲಿಯ ನೀರಿನ ಹೌಜಿನಲ್ಲೇ ಇರಲಿ.

ಬಂಗಲೆಯ ಅಂಗಳದ ಆ ಕಲ್ಲಿನ ಹೌಜಿನ ಉಸ್ತುವಾರಿ ನನ್ನದಾಗಿ ನಾಲ್ಕು ವರ್ಷವಾಯಿತು. ಮುಕ್ಕುಂದದ ಹೊಳೆಯ ಕಡೆಯಿಂದ ಕೆಂಪು ತಾವರೆ, ಗುರುಗುಂಟಾದಿಂದ ನೀಲಿ ನೈದಿಲೆ ತಂದು ಕುಂಡದಲ್ಲಿ ಬೆಳೆಸಿದವನು ನಾನು. ಈ ಸೀಮೆಯ ನೀರುಗಿಡಗಳಲ್ಲಿ ನಾನು ಹೆಸರು ಹಿಡಿದು ಕರೆಯಲಾಗದ್ದು ಇರಲಿಲ್ಲ. ಇಂದು ಒಂದು ಬಂದಿದೆ.

ಕೆರೆಯ ನೀರಗಂಟಿ ದ್ಯಾವನಿಗೆ ಹೇಳಿ ಎರಡು ಬುಟ್ಟಿ ಕೆರೆಹೂಳು ತರಿಸಿದೆ. ಗೇಟಿನ ಹೊರಗೆ ಸುರಿದು ನಿಂತ. ನೀರು ಕೇಳಿದ. ತಂಬಿಗೆ ಎತ್ತಿ ಹಿಡಿದು ಸುರಿದೆ, ಬೊಗಸೆಯಲ್ಲಿ ಕುಡಿದು ಹೋದ. ಹೂಳಿಗೆ ಸಗಣಿ ಗೊಬ್ಬರ ಬೆರೆಸಿ ಹೌಜಿನ ತಳಕ್ಕೆ ಹಾಕಿದೆ. ಸಂಜೆಯ ಹೊತ್ತಿಗೆ ಬಾಡಿದ ಎಲೆಗಳು ತಲೆ ಎತ್ತಿದ್ದವು.

೨೩ ಏಪ್ರಿಲ್

ಅರಳಿತು.

ಹೊತ್ತು ಹುಟ್ಟುವ ಮೊದಲೇ ಹೋಗಿ ಕುಳಿತಿದ್ದೆ. ಒಂದೇ ದಂಟಿನಲ್ಲಿ ಒಂಬತ್ತು ಹೂ, ತಿಳಿ ನೇರಳೆ. ಮೇಲಿನ ಎಸಳಿನ ನಡುವೆ ನೀಲಿ, ನೀಲಿಯ ನಡುವೆ ಒಂದು ಹಳದಿ ಬೊಟ್ಟು, ನವಿಲುಗರಿಯ ಕಣ್ಣಿನ ಹಾಗೆ. ಮೂರು ಸಲ ಚಿತ್ರ ಬರೆದೆ, ಬಣ್ಣ ಸರಿ ಕೂಡಲಿಲ್ಲ. ಹೆಂಡತಿ ಯಮನಮ್ಮನನ್ನು ಕರೆತಂದು ತೋರಿಸಿದೆ. "ಚಂದ ಐತ್ರಿ. ಉಂಡು ಬಂದು ನೋಡಿದ್ರೂ ಇಷ್ಟs ಚಂದ ಇರ್ತಿತ್ತು" ಎಂದಳು.

ನನ್ನ ಪುಸ್ತಕಗಳಲ್ಲಿ ಇದಿಲ್ಲ. ಯಾರೂ ಕಾಣದ ಗಿಡವೇ ಇರಬಹುದೇ? ಹಾಗೆ ಯೋಚಿಸುವುದು ಹುಚ್ಚು ಎಂದು ಗೊತ್ತು, ಆದರೂ ಯೋಚಿಸಿದೆ. ಹೋದ ವರ್ಷ ಶಾಸನ ನೋಡಲು ಬಂದು ವಿಳಾಸ ಕೊಟ್ಟುಹೋದ ಪುಣೆಯ ಪ್ರೊಫೆಸರರಿಗೆ ಚಿತ್ರವನ್ನೂ ಒತ್ತಿ ಒಣಗಿಸಿದ ಒಂದು ಹೂವನ್ನೂ ಟಪಾಲಿಗೆ ಹಾಕಬೇಕು.

೨೫ ಏಪ್ರಿಲ್

ಹೂವು ಎರಡನೆಯ ದಿನ ನಿಲ್ಲುವುದಿಲ್ಲ. ದಂಟು ತಾನಾಗಿಯೇ ಬಾಗಿ, ಬಾಡಿದ ತಲೆಯನ್ನು ನೀರಿನೊಳಗೆ ಇಳಿಸಿಬಿಡುತ್ತದೆ. ಟಪಾಲು ಕಳಿಸಿದೆ.

೨೪ ಜೂನ್

ಹೌಜಿನಲ್ಲಿ ನೀರು ಕಾಣದು. ಎರಡು ಗಿಡ ಬಳ್ಳಿಯಂಥ ಕೈ ಚಾಚಿ ಚಾಚಿ, ತುದಿಗೊಂದು ಮರಿ ಇಟ್ಟು, ಎಣಿಸಲಾರದಷ್ಟಾಗಿವೆ. ನನ್ನ ಕೆಂಪು ತಾವರೆಯ ಎಲೆಗಳು ಮೇಲೆ ಬರಲು ಜಾಗವಿಲ್ಲದೆ ಕೊಳೆತಿವೆ. ಬೇಸರವಾಯಿತು, ಆದರೆ ಇದರ ಕಸುವು ಕಂಡು ಒಳಗೊಳಗೆ ಹಿಗ್ಗೂ ಆಯಿತು.

ಒಂದು ಬುಟ್ಟಿ ತೆಗೆದೆ. ಎಸೆಯಲು ಮನಸ್ಸು ಬರಲಿಲ್ಲ. ಆಳದ ನೀರಿನಲ್ಲಿ ಹೂವು ಇನ್ನೂ ದೊಡ್ಡದಾದೀತೇ ಎಂಬ ಕುತೂಹಲವೂ ಇತ್ತು. ದ್ಯಾವನನ್ನು ಕರೆಸಿದೆ.

"ಲೇ ದ್ಯಾವ, ಇದನ್ನ ಕೆರಿಗೆ ಒಯ್ದು ತೂಬಿನ ಕಡೆ ಮೆಲ್ಲಕ ಬಿಡು."

"ಕೆರಿಗ್ಯಾಕ್ರೀ? ಕುಡಿಯೋ ನೀರು ಅದು. ಗೊಬ್ಬರದ ಕುಣಿಗೆ ಹಾಕ್ತೀನಿ ತಗೋರಿ."

"ನಿನಗೇನು ತಿಳೀತೈತಿ. ಹೇಳಿದಷ್ಟು ಮಾಡು."

ಬುಟ್ಟಿಯನ್ನೂ ನನ್ನನ್ನೂ ಒಮ್ಮೆ ನೋಡಿ, ಹೊತ್ತುಕೊಂಡು ಹೋದ. ಹೊಸದೆಂದರೆ ಈ ಜನಕ್ಕೆ ಅಂಜಿಕೆ.

೨೦ ಆಗಸ್ಟ್

ಕೆರೆಯ ಮೂಡಣ ಮೂಲೆಯೆಲ್ಲ ನೇರಳೆ. ಹೆಂಗಸರು ಕಿತ್ತು ಏರಿಯ ಮೇಲಿನ ಗಂಗಮ್ಮನ ಕಲ್ಲಿಗೆ ಏರಿಸುತ್ತಿದ್ದಾರೆ. ಊರಗೌಡರಾದ ಗದ್ದೆಪ್ಪಗೌಡರು ನನ್ನನ್ನು ನಿಲ್ಲಿಸಿ, "ಮಾಸ್ತರ, ನಿಮ್ಮ ಹೌಜಿನ ಹೂ ನಮ್ಮ ಕೆರಿಗೂ ಬಂದೈತಿ ನೋಡ್ರಿ. ಗಾಳಿಗೆ ಬೀಜ ಹಾರಿರಬೇಕು" ಎಂದರು.

"ಇರಬಹುದು" ಎಂದೆ.

ಹೌಜಿನ ಹೂವಿಗಿಂತ ಕೆರೆಯ ಹೂವು ಅರ್ಧ ಬೆರಳು ದೊಡ್ಡದು. ಅಳೆದು ಬರೆದಿಟ್ಟೆ.

೧೨ ಸೆಪ್ಟೆಂಬರ್

ಯಮನಮ್ಮ ತಂದ ನೀರಿಗೆ ಕೊಳೆತ ಸೊಪ್ಪಿನ ನಾತ. ಎರಡು ಸಲ ಸೋಸಿದಳು, ಹೋಗಲಿಲ್ಲ. "ಕೊಡ ಮುಳುಗಿಸಾಕ ಜಾಗ ಇಲ್ರೀ ಅಲ್ಲಿ. ಕೈಲೆ ಸರಿಸಿ ಸರಿಸಿ ಕುಳಿ ಮಾಡಬೇಕು, ಕೊಡ ಎತ್ತೂದ್ರಾಗ ಮತ್ತ ಮುಚ್ಚಿಕೊಂತೈತಿ" ಎಂದಳು.

ಮಧ್ಯಾಹ್ನ ನಮ್ಮ ಓಣಿಯ ಜೈನಾಬೀಯ ಎಮ್ಮೆಕರು ಆ ಹಸಿರನ್ನು ನೆಲವೆಂದು ತಿಳಿದು ಕಾಲಿಟ್ಟಿತಂತೆ. ಹತ್ತು ಹೆಜ್ಜೆ ಹೋಗಿ ಒಳಗಿಳಿಯಿತು. ಅದರ ಮೇಲೆ ಹಸಿರು ಕೂಡಿಕೊಂಡಿತು. ದಂಡೆಯಲ್ಲಿ ನಿಂತವರಿಗೆ ಎಲ್ಲಿ ಹುಡುಕಬೇಕೆಂದೂ ತಿಳಿಯಲಿಲ್ಲ. ಆಕೆ ದಂಡೆಯಲ್ಲೇ ಕುಳಿತಿದ್ದಾಳೆ, ಮನೆಗೆ ಹೋಗಲು ಒಲ್ಲೆ ಎನ್ನುತ್ತಾಳೆ ಎಂದು ಮಕ್ಕಳು ಬಂದು ಹೇಳಿದರು.

ಇದು ಮಳೆಗಾಲದ ಸೊಕ್ಕು. ನೀರು ಇಳಿದರೆ ಗಿಡವೂ ಇಳಿಯುತ್ತದೆ.

೧೬ ಸೆಪ್ಟೆಂಬರ್

ಬೆಳಿಗ್ಗೆ ಚಾವಡಿಗೆ ಕರೆಸಿದರು. ಕಟ್ಟೆಯ ಮೇಲೆ ಗೌಡರು, ಹಿರಿಯರು. ಕೆಳಗೆ ಕಂಬದ ಆಚೆ ದ್ಯಾವ.

ಗೌಡರು, "ಮಾಸ್ತರ, ಹೌಜಿನ ಗಿಡ ಕೆರಿಗೆ ಹೆಂಗ ಬಂತು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ದ್ಯಾವ ಹೇಳಿದ: "ಮಾಸ್ತರ ಬುಟ್ಟಿ ತುಂಬಿ ಕೊಟ್ರು, ಕೆರಿಗೆ ಬಿಡು ಅಂದ್ರು. ನಾ ಬಿಟ್ಟೆ."

ಎಲ್ಲರೂ ನನ್ನ ಕಡೆ ತಿರುಗಿದರು. ಜೈನಾಬೀಯೂ ಇದ್ದಳು.

"ಕುಣಿಗೆ ಹಾಕು ಅಂತ ಕೊಟ್ಟಿದ್ದೆ" ಎಂದೆ.

ದ್ಯಾವ ಸಿಟ್ಟಾಗಲಿಲ್ಲ. ನಾನು ಮರೆತಿದ್ದೇನೆ ಎಂದುಕೊಂಡವನ ಹಾಗೆ, "ಇಲ್ರೀ ಮಾಸ್ತರ. ಕುಣಿಗೆ ಅಂದಾಂವ ನಾನು. ನೆನಪು ಮಾಡಿಕೋರಿ" ಎಂದ.

ನೆನಪು ಮಾಡಿಕೊಳ್ಳುವವನಂತೆ ನೆಲ ನೋಡಿದೆ. ತಲೆ ಅಲ್ಲಾಡಿಸಿದೆ.

"ಅಕ್ಷರ ಕಲಿಸೋರು ಸುಳ್ಳು ಹೇಳ್ತಾರೇನಲೇ" ಎಂದರು ಗೌಡರು. ಅಜ್ಜನ ಕಾಲದಿಂದ ದ್ಯಾವನ ಮನೆಯಲ್ಲಿದ್ದ ನೀರಗಂಟಿಯ ಕೋಲನ್ನು ಅಲ್ಲೇ ಕಸಿದುಕೊಂಡರು. ಗೌಡರ ಅಳಿಯ ಬಾಲಪ್ಪ ಇನ್ನು ತೂಬು ನೋಡಿಕೊಳ್ಳುತ್ತಾನೆ. ದ್ಯಾವ ಏರಿ ಹತ್ತಕೂಡದು.

೧೭ ಸೆಪ್ಟೆಂಬರ್

ಶಾಲೆಗೆ ಹೋದೆ. ಬಂದೆ.

೧೯ ಸೆಪ್ಟೆಂಬರ್

ಯೋಚಿಸಿದರೆ, ನಾನು ಹೇಳಿದ್ದು ಪೂರಾ ಸುಳ್ಳಲ್ಲ. ಕುಣಿಯ ಮಾತು ಅಂದು ಬಂದದ್ದು ನಿಜ. ಅವನು ಬೇಡವೆಂದಿದ್ದರೆ ಹೊತ್ತುಕೊಂಡು ಹೋಗಬಾರದಿತ್ತು. ನನ್ನ ಹೆಸರು ಬಂದರೆ ಶಾಲೆಗೆ ಕೆಟ್ಟ ಹೆಸರು, ಮೇಲಿನವರಿಗೆ ಕಾಗದ ಹೋಗುತ್ತದೆ, ಹುದ್ದೆ ಹೋಗುತ್ತದೆ. ಅವನಿಗೆ ರಟ್ಟೆ ಇದೆ, ಎಲ್ಲಾದರೂ ದುಡಿಯುತ್ತಾನೆ.

ಮೇಲಿನದನ್ನು ಬರೆದು ಅರ್ಧ ಗಳಿಗೆ ಕುಳಿತಿದ್ದೆ. ಹೊಡೆದುಹಾಕಲೂ ಇಲ್ಲ, ಮುಂದೆ ಬರೆಯಲೂ ಇಲ್ಲ.

೧ ಅಕ್ಟೋಬರ್

ಪುಣೆಯ ಕಾಗದ ಬಂತು. ಪ್ರೊಫೆಸರರು ಕಾಯಿಲೆ ಬಿದ್ದಿದ್ದರಂತೆ, ತಡಕ್ಕೆ ಕ್ಷಮೆ ಕೇಳಿದ್ದಾರೆ. ಚಿತ್ರವನ್ನು ಹೊಗಳಿದ್ದಾರೆ. ಗಿಡ ಹೊಸದಲ್ಲ. ಇದರ ಹೆಸರು ವಾಟರ್ ಹಯಸಿಂತ್, ಮೂಲ ದಕ್ಷಿಣ ಅಮೆರಿಕ. ಹೂವಿನ ಚಂದಕ್ಕೆ ಮರುಳಾಗಿ ಊರಿಂದ ಊರಿಗೆ ಜನರೇ ಒಯ್ದದ್ದು. ಬಂಗಾಳದಲ್ಲಿ ಕಚೂರಿಪಾನಾ ಎನ್ನುತ್ತಾರೆ. ಅಲ್ಲಿ ಹೊಳೆಗಳಲ್ಲಿ ದೋಣಿ ನಡೆಯದಂತಾಗಿ, ಭತ್ತದ ಗದ್ದೆ ಮುಚ್ಚಿ, ಸರ್ಕಾರ ಎರಡು ವರ್ಷದ ಹಿಂದೆ ಇದರ ಮೇಲೆ ಕಾಯಿದೆಯನ್ನೇ ಮಾಡಿದೆ. ಹದಿನೈದು ದಿನಕ್ಕೆ ಒಂದು ಎರಡಾಗುತ್ತದೆ. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಿದ್ದಾರೆ: ತಮ್ಮ ತೊಟ್ಟಿಯಿಂದ ಹೊರಗೆ, ವಿಶೇಷವಾಗಿ ಕೆರೆಗೆ, ಇದನ್ನು ದಯವಿಟ್ಟು ಬಿಡಬೇಡಿರಿ.

ಅಂಚೆಯವನು ಎದುರಿಗೇ ನಿಂತಿದ್ದ. "ಚಲೋ ಸುದ್ದಿ ಏನ್ರೀ?" ಎಂದ. ಹೌದೆಂದೆ.

೪ ಅಕ್ಟೋಬರ್

ಬೆಳಗಿನ ಜಾವ ಎದ್ದು ಕೆರೆಯ ದೂರದ ದಂಡೆಗೆ ಹೋಗಿ ಒಬ್ಬನೇ ಎಳೆಯತೊಡಗಿದೆ. ಒಂದನ್ನು ಎಳೆದರೆ ಹತ್ತು ಬರುತ್ತವೆ, ಹತ್ತು ಬಂದರೆ ಬಳ್ಳಿ ತುಂಡಾಗಿ ಐದು ಹಿಂದಕ್ಕೆ ತೇಲಿಹೋಗುತ್ತವೆ. ಎರಡು ತಾಸಿನಲ್ಲಿ ಒಕ್ಕಣೆಯ ಕಣದಷ್ಟು ಅಗಲ ನೀರು ಕಂಡಿತು. ಇಂದು ಸಂಜೆ ಹೋಗಿ ನೋಡಿದೆ. ಆ ಕಣ ಇಲ್ಲ.

ದಂಡೆಯ ಮೇಲೆ ದ್ಯಾವಪ್ಪನ ಮಗಳು ಆಡು ಕಾಯುತ್ತಿದ್ದಳು. ನನ್ನ ಶಾಲೆಯ ಮಕ್ಕಳು ಅವಳನ್ನು ಏನೆಂದು ಕೂಗುತ್ತಾರೆಂದು ಇಂದು ಕೇಳಿಸಿಕೊಂಡೆ. ಕೆರೆಗೇಡಿ.

೯ ಅಕ್ಟೋಬರ್

ಯಮನಮ್ಮ ಕೇಳಿದಳು, "ಎಂಟು ದಿನದಿಂದ ಉಂಡದ್ದು ಮೈಗೆ ಹತ್ತವಲ್ದು ನಿಮಗ. ಆ ಕಾಗದದಾಗ ಏನೈತಿ?"

ಓದಿ ಹೇಳಿದೆ. ಓದುತ್ತ ಓದುತ್ತ ಬುಟ್ಟಿಯ ಸಂಗತಿಯನ್ನೂ, ಚಾವಡಿಯ ಸಂಗತಿಯನ್ನೂ ಹೇಳಿಬಿಟ್ಟೆ.

ಆಕೆ ರೊಟ್ಟಿಯ ಹಿಟ್ಟಿನ ಕೈಯನ್ನು ನಾದುವ ಕೊಣಮಿಗೆಯಲ್ಲೇ ಬಿಟ್ಟಳು. ಆಮೇಲೆ, "ದ್ಯಾವಪ್ಪನ ಹೇಣ್ತಿ ಯಂಕಮ್ಮ ಮೊನ್ನೆ ಹಿತ್ತಲಿಗೆ ಬಂದಿದ್ಲು. ನನ್ನ ಗಂಡ ಹಂಗ ಮಾಡೋ ಮನಷ್ಯಾ ಅಲ್ಲಬೇ ಅಂದ್ಲು. ನಿನ್ನ ಗಂಡ ಮಾಡಿರ್ಬೇಕು, ನಮ್ಮೋರು ಸುಳ್ಳು ಹೇಳೋ ಪೈಕಿ ಅಲ್ಲ ಅಂತ ನಾ ಹೇಳಿ ಕಳಿಸೀನಿ" ಎಂದಳು.

ಕಾಗದವನ್ನು ಮಡಿಸಿದೆ.

"ನನ್ನ ಮುಂದ ಹೇಳಿ ನೀವು ಹಗುರಾದ್ರಿ. ನಾ ಎಲ್ಲಿ ಇಳಿಸ್ಲಿ ಇದನ್ನ?"

ರೊಟ್ಟಿ ಬಡಿದಳು, ಬಡಿಸಿದಳು. ಎದುರಿಗೆ ಕುಳಿತುಕೊಳ್ಳಲಿಲ್ಲ.

೧೪ ಅಕ್ಟೋಬರ್

ಇಂದು ಗೌಡರ ಮನೆಯ ಬಾಗಿಲಿನವರೆಗೆ ಹೋದೆ. ಅವರು ಉಣ್ಣಲು ಕುಳಿತಿದ್ದಾರೆಂದು ಆಳು ಹೇಳಿದ. ಕಾಯಬಹುದಿತ್ತು.

೨೦ ಅಕ್ಟೋಬರ್

ಎರಡು ದಿನದಿಂದ ಬಿಡದ ಮಳೆ. ಹಿಂಗಾರಿನಲ್ಲಿ ಇಷ್ಟು ಕಂಡಿಲ್ಲ ಎನ್ನುತ್ತಾರೆ ಹಿರಿಯರು. ಹಳ್ಳ ಕೆಂಪಗೆ ತುಂಬಿ ಕೆರೆಗೆ ಬರುತ್ತಿದೆ. ಯಮನಮ್ಮ ಕಾಳಿನ ಗಡಿಗೆಗಳನ್ನು ಅಟ್ಟಕ್ಕೆ ಏರಿಸಿದಳು.

೨೨ ಅಕ್ಟೋಬರ್

ನಿನ್ನೆಯದನ್ನು ಇಂದು ಬರೆಯುತ್ತಿದ್ದೇನೆ. ಅಂಗೈ ಸುಲಿದಿದೆ, ಲೇಖನಿ ನಿಲ್ಲದು. ಆದರೂ ಬರೆಯಬೇಕು.

ನಿನ್ನೆ ಬೆಳಿಗ್ಗೆ ಏರಿಯ ಕಡೆಯಿಂದ ಹಲಗೆ ಬಾರಿಸುವ ಸದ್ದು ಕೇಳಿತು. ಓಡಿದೆ. ಊರಿಗೆ ಊರೇ ಅಲ್ಲಿತ್ತು. ಹೆಚ್ಚಾದ ನೀರು ಹರಿದುಹೋಗಬೇಕಾದ ಕೋಡಿಯ ಬಾಯಿಗೆ ಗಾಳಿ ಇಡೀ ಕೆರೆಯ ಗಿಡವನ್ನು ತಂದು ಒತ್ತಿತ್ತು. ನೂರು ಆಳು ಕುಡಗೋಲು ಹಿಡಿದು ಕೊಯ್ಯುತ್ತಿದ್ದರು. ಕೊಯ್ದಷ್ಟೂ ಹಿಂದಿನಿಂದ ಬಂದು ತುಂಬುತ್ತಿತ್ತು. ನೀರು ಏರಿಯ ತಲೆಗೆ ಒಂದು ಮೊಳ ಉಳಿದಿತ್ತು. ಏರಿಯ ಹಿಂಬದಿಯಲ್ಲಿ ಒಂದು ಕಡೆ ಮಣ್ಣು ಬೆವರತೊಡಗಿತ್ತು. ಅದರ ಕೆಳಗೇ ದ್ಯಾವಪ್ಪನವರ ಕೇರಿ, ಮೂವತ್ತು ಗುಡಿಸಲು. ಹೆಂಗಸರು ಮಕ್ಕಳನ್ನೂ ಕೋಳಿಗಳನ್ನೂ ಗುಡ್ಡದ ಕಡೆ ಸಾಗಿಸುತ್ತಿದ್ದರು.

ಉಳಿದದ್ದು ತೂಬು ಒಂದೇ. ಅದನ್ನು ತೆರೆದರೆ ಅರ್ಧ ನೀರು ಕಾಲುವೆಗೆ ಹೋಗುತ್ತದೆ. ಬಾಲಪ್ಪ ಮುಚ್ಚಳದ ಸರಳು ಹಿಡಿದು ಎಳೆಯುತ್ತಿದ್ದ, ಅಳು ಬಂದಂತಿತ್ತು ಮುಖ. "ಮಾವ, ಬರವಲ್ದು. ಬೇರು ಸುತ್ತಿಕೊಂಡು ಕಲ್ಲಾಗೈತಿ. ಒಳಗ ಇಳಿದು ನೋಡಿದೆ, ಕಣ್ಣು ಕಾಣವಲ್ದು, ಬಾಯಿ ಎಲ್ಲೈತೋ ತಿಳಿವಲ್ದು" ಎಂದ.

ಏರಿಯ ಮೆಟ್ಟಿಲ ಕೆಳಗೆ ದ್ಯಾವಪ್ಪ ನಿಂತಿದ್ದ. ಮೈಮೇಲೆ ಲಂಗೋಟಿ, ಹೆಗಲಿಗೆ ಹಗ್ಗ, ಸೊಂಟಕ್ಕೆ ಕುಡಗೋಲು. ಗೌಡರ ಇಬ್ಬರು ಆಳುಗಳು ಬಡಿಗೆ ಅಡ್ಡ ಹಿಡಿದಿದ್ದರು. "ಬಿಡ್ರಪಾ, ಆ ತೂಬಿನ ಕಲ್ಲು ಒಂದೊಂದೂ ನನ್ನ ಕೈಗೆ ಗೊತ್ತೈತಿ" ಎನ್ನುತ್ತಿದ್ದ. ಕೂಗುತ್ತಿರಲಿಲ್ಲ, ಹೇಳುತ್ತಿದ್ದ.

ನಾನು ಗೌಡರ ಹತ್ತಿರ ಹೋದೆ. "ದ್ಯಾವಪ್ಪನ್ನ ಬಿಡ್ರಿ ಮ್ಯಾಲ."

"ಕೆರಿ ಕೆಡಿಸಿದಾಂವನ ಕೈಯಾಗ ತೂಬು ಕೊಡ್ಲೇನು? ಸೇಡಿಗೆ ಏರಿ ಒಡೆದ್ರ ಯಾರು ಹೊಣಿ? ನಿಮಗs ಗೊತ್ತಿಲ್ಲೇನು, ಕುಣಿಗೆ ಹಾಕು ಅಂದ್ರ ಕೆರಿಗೆ ಹಾಕಿದಾಂವ."

ಅವನನ್ನು ಮೆಟ್ಟಿಲಿನಲ್ಲಿ ತಡೆದು ನಿಲ್ಲಿಸಿದ್ದು ಆ ಬಡಿಗೆಯಲ್ಲ, ನನ್ನ ಮಾತು. ಬಡಿಗೆಯಾದರೆ ಯಾರಾದರೂ ಕಿತ್ತುಕೊಳ್ಳಬಹುದಿತ್ತು.

"ನಾ ಕೆರಿಗೇ ಹಾಕು ಅಂದಿದ್ದೆ" ಎಂದೆ. ಮಳೆಯಲ್ಲಿ ಗೌಡರಿಗೆ ಕೇಳಿಸಲಿಲ್ಲ. "ಏನಂದ್ರಿ?" ಎಂದರು.

ಗಂಗಮ್ಮನ ಕಲ್ಲಿನ ಹತ್ತಿರ ಹೋಗಿ ನಿಂತು, ತರಗತಿಯಲ್ಲಿ ಮಗ್ಗಿ ಹೇಳಿಸುವ ದನಿಯಲ್ಲಿ ಹೇಳಿದೆ: "ದ್ಯಾವಪ್ಪ ಬ್ಯಾಡ ಅಂದ. ಕುಡಿಯೋ ನೀರು, ಕುಣಿಗೆ ಹಾಕ್ತೀನಿ ಅಂದ. ನಾ ಬೈದು ಕೆರಿಗೆ ಕಳಿಸಿದೆ. ಚಾವಡ್ಯಾಗ ಸುಳ್ಳು ಹೇಳಿದೆ. ಅವನ ತಪ್ಪು ಏನೂ ಇಲ್ಲ."

ಕೊಯ್ಯುತ್ತಿದ್ದ ಕೈಗಳು ನಿಂತವು. ಯಾರೋ ಹಿಂದಿನಿಂದ ನನ್ನ ರುಮಾಲು ಕಿತ್ತು ಎಸೆದರು, ಯಾರೆಂದು ನೋಡಲಿಲ್ಲ. ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮನ್ನ ಆಮ್ಯಾಲ ನೋಡ್ತೀನಿ" ಎಂದರು. ಆಳುಗಳ ಕಡೆ ತಿರುಗಿ, "ಬಿಡ್ರಲೇ ಅವನ್ನ" ಎಂದರು.

ದ್ಯಾವಪ್ಪ ಮೇಲೆ ಬಂದ. ನನ್ನನ್ನು ನೋಡಲಿಲ್ಲ. ಹಗ್ಗದ ಒಂದು ತುದಿ ಸೊಂಟಕ್ಕೆ ಬಿಗಿದುಕೊಂಡ. ಇನ್ನೊಂದು ತುದಿಗೆ ಬಾಲಪ್ಪ ಕೈಚಾಚಿದಾಗ, "ನೀ ಬ್ಯಾಡ. ಮಾಸ್ತರ ಹಿಡೀಲಿ" ಎಂದ. "ಒಂದ್ಸಲ ಜಗ್ಗಿದ್ರ ಸಡಿಲ ಬಿಡ್ರಿ. ಎರಡ್ಸಲ ಜಗ್ಗಿದ್ರ ಎಳೀರಿ."

ಹಸಿರನ್ನು ಕುಡಗೋಲಿನಿಂದ ಸೀಳಿ ಒಳಗಿಳಿದ. ಅದು ಅವನ ಮೇಲೆ ಕೂಡಿಕೊಂಡಿತು. ಎಮ್ಮೆಕರುವಿನ ಮೇಲೂ ಹೀಗೇ ಕೂಡಿಕೊಂಡಿರಬೇಕು.

ಮೊದಲ ಸಲ ಮೂವತ್ತು ಎಣಿಸುವಷ್ಟರಲ್ಲಿ ಮೇಲೆ ಬಂದ, ಕೈತುಂಬ ಕಪ್ಪು ಬೇರು ಎಸೆದು ಮತ್ತೆ ಇಳಿದ. ಎರಡನೆಯ ಸಲ ಐವತ್ತು. ಮೂರನೆಯ ಸಲ ಹಗ್ಗ ಒಮ್ಮೆ ಜಗ್ಗಿತು, ಸಡಿಲ ಬಿಟ್ಟೆ. ಮತ್ತೆ ಒಮ್ಮೆ, ಬಿಟ್ಟೆ. ಆಮೇಲೆ ಹಗ್ಗ ಸುಮ್ಮನಾಯಿತು. ಐವತ್ತು ದಾಟಿತು. ಅರವತ್ತು. ಎಳೆಯಲೇ, ಬೇಡವೇ? ಎರಡು ಸಲ ಜಗ್ಗಿಲ್ಲ. ಎಳೆದರೆ ಬಾಯಿ ಬಿಡಿಸುತ್ತಿರುವ ಕೈ ತಪ್ಪೀತು. ಎಳೆಯದಿದ್ದರೆ? ಎಂಬತ್ತಕ್ಕೆ ಎಳೆದೆ. ಬರಲಿಲ್ಲ. ಕಲ್ಲಿಗೆ ಕಟ್ಟಿದಂತಿತ್ತು. ಎಡಗಾಲನ್ನು ತೂಬಿನ ಕಂಬಕ್ಕೆ ಒತ್ತಿ ಹಿಂದಕ್ಕೆ ಬಿದ್ದು ಎಳೆದೆ. ಹಗ್ಗ ಅಂಗೈಯಲ್ಲಿ ಜಾರಿತು, ಚರ್ಮ ಹೋಯಿತು, ಮತ್ತೆ ಹಿಡಿದೆ. ನನ್ನ ಬೆನ್ನಿಗೆ ಯಾರೋ ಎದೆ ಕೊಟ್ಟು ನನ್ನ ಕೈಗಳ ಮೇಲೆ ಕೈ ಇಟ್ಟು ಎಳೆದರು. ಯಮನಮ್ಮ.

ಆಗ ಏರಿಯ ಹಿಂದಿನಿಂದ ಕೂಗು ಬಂತು: "ಬಂತು, ನೀರು ಬಂತು." ಕಾಲುವೆಯ ಬಾಯಿ ಗುಡುಗಿತು. ಅದೇ ಗಳಿಗೆಯಲ್ಲಿ ಹಗ್ಗ ಸಡಿಲಾಗಿ ನಾವಿಬ್ಬರೂ ಕೆಸರಿನಲ್ಲಿ ಬಿದ್ದೆವು. ದ್ಯಾವಪ್ಪ ಹಸಿರಿನ ನಡುವೆ ಮುಖ ಎತ್ತಿದ. ಬಲ ಹೆಗಲು ಕಲ್ಲಿಗೆ ಉಜ್ಜಿ ಸೀಳಿತ್ತು. ದಂಡೆಗೆ ತಂದು ಮಲಗಿಸಿದಾಗ ನೀರು ಕಕ್ಕಿದ. ಯಂಕಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ನೋಡಿದಳು. ಆ ನೋಟ ಇಲ್ಲಿ ಬರೆಯಲಾರೆ.

ಮಧ್ಯಾಹ್ನದ ಹೊತ್ತಿಗೆ ನೀರು ಎರಡು ಮೊಳ ಇಳಿಯಿತು. ಏರಿ ನಿಂತಿತು.

೨೭ ಅಕ್ಟೋಬರ್

ಚಾವಡಿ. ಗೌಡರು ಕೋಲನ್ನು ದ್ಯಾವಪ್ಪನಿಗೆ ಹಿಂದಿರುಗಿಸಿದರು. "ಮಾಸ್ತರಿಗೆ ಏನು ಮಾಡೋಣ, ನೀನs ಹೇಳು" ಎಂದರು. ಊರು ಬಿಡಿಸಿರೆಂದು ಕೆಲವರು, ಮೇಲಿನವರಿಗೆ ಅರ್ಜಿ ಬರೆಯಿರೆಂದು ಕೆಲವರು.

ದ್ಯಾವಪ್ಪ ಕೋಲನ್ನು ಎಡಗೈಗೆ ತೆಗೆದುಕೊಂಡ, ಬಲಗೈ ಏಳುವುದಿಲ್ಲ. "ನನಗೇನೂ ಬ್ಯಾಡ್ರಿ. ನನ್ನ ಮಗಳನ್ನ ಕೆರೆಗೇಡಿ ಅಂದ್ರು. ಆ ಮಕ್ಕಳಿಗೆ ಅಕ್ಷರ ಕಲಿಸೋರು ಇವರು. ಇವರು ಊರು ಬಿಟ್ರ ಕೆರಿ ಸ್ವಚ್ಛ ಆಗ್ತೈತೇನು? ಇಲ್ಲೇ ಇರ್ಲಿ. ಕೆರಿ ಸ್ವಚ್ಛ ಆಗೋತನ ಇವರ ಕೈಲೇ ಆಗ್ಲಿ."

ಹಾಗೇ ತೀರ್ಮಾನವಾಯಿತು.

೨೮ ಅಕ್ಟೋಬರ್

ಹೌಜನ್ನು ಖಾಲಿ ಮಾಡಿದೆ. ನಾಲ್ಕು ಬಂಡಿ ಗಿಡ. ಬಂಡೆಯ ಮೇಲೆ ಒಣಹಾಕಿದ್ದೇನೆ, ಒಣಗಿದ ಮೇಲೆ ಸುಡಬೇಕು. ಹುಸೇನ್‌ಸಾಬ್, "ಒಂದರೆ ಇಡ್ರಿ ಮಾಸ್ತರ, ಬೇಗಂ ಸಾಹೇಬ್ರು ಕೇಳಿದ್ರ?" ಎಂದ. ನಡೆದದ್ದನ್ನೆಲ್ಲ ಉರ್ದುವಿನಲ್ಲಿ ಅವರಿಗೆ ಬರೆದು ಟಪಾಲಿಗೆ ಹಾಕಿದ್ದೇನೆಂದು ಹೇಳಿದೆ. ನಮ್ಮ ಮನೆಯ ಎಮ್ಮೆಕರುವನ್ನು ಜೈನಾಬೀಯ ಗೂಟಕ್ಕೆ ಕಟ್ಟಿ ಬಂದೆ. ಅವಳು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ.

೨೦ ನವೆಂಬರ್

ಶಾಲೆ ಬಿಟ್ಟೊಡನೆ ಕೆರೆ. ಸೊಂಟದ ನೀರಿನಲ್ಲಿ ನಿಂತು ಎಳೆಯುವುದು, ದಂಡೆಗೆ ಎಸೆಯುವುದು. ಮೊದಲ ವಾರ ಒಬ್ಬನೇ. ಆಮೇಲೆ ಯಮನಮ್ಮ ಬಂದಳು. ನಿನ್ನೆಯಿಂದ ಹುಸೇನ್‌ಸಾಬ್ ಬಂದಿದ್ದಾನೆ. ಒಂದು ತುಂಡೂ ಹಿಂದಕ್ಕೆ ತೇಲದಂತೆ ಬಿದಿರನ್ನು ಅಡ್ಡ ಕಟ್ಟಿ ಎಳೆಯುವ ಬಗೆಯನ್ನು ದ್ಯಾವಪ್ಪಣ್ಣ ಮಾಡಿ ತೋರಿಸಿದರು. ಮಾತಿನಲ್ಲಿ ಹೇಳಲಿಲ್ಲ. ತಾವೇ ನೀರಿಗಿಳಿದು ಎಡಗೈಯಿಂದ ಕಟ್ಟಿದರು, ನಾವು ನೋಡಿ ಕಲಿತೆವು. ನನ್ನೊಡನೆ ಅವರು ಮಾತಾಡುವುದಿಲ್ಲ.

ಬಿಸಿಲು ಜೋರಿತ್ತು, ಬಾಯಿ ಒಣಗಿತ್ತು. ಬದಿಯಲ್ಲಿ ದ್ಯಾವಪ್ಪಣ್ಣನವರ ನೀರಿನ ಮಗಿ ಇತ್ತು, ಎತ್ತಿ ಕುಡಿದು ಮತ್ತೆ ಎಳೆದೆ. ಇಂದು ಸುಮಾರು ಇಪ್ಪತ್ತು ಮಾರು ನೀರು ತೆರೆಯಿತು.

೩೧ ಡಿಸೆಂಬರ್

ಕೋಡಿಯಿಂದ ತೂಬಿನವರೆಗೆ ಸ್ವಚ್ಛ. ಪಡುವಣ ಮೂಲೆ ಉಳಿದಿದೆ. ಬೇಗಂ ಅವರ ಉತ್ತರ ಬಂದಿಲ್ಲ.

ಪುಣೆಗೆ ಬರೆದು ಕೇಳಿದ್ದೆ: ಎಲ್ಲವನ್ನೂ ಕಿತ್ತರೆ ಮುಗಿಯಿತೇ? ಮುಗಿಯದು ಎಂದಿದ್ದಾರೆ. ಬೀಜ ಕೆಸರಿನಲ್ಲಿ ಕುಳಿತಿರುತ್ತದೆ, ಹತ್ತಾರು ವರ್ಷ. ನೀರು ಇಳಿದು ಬಿಸಿಲು ತಾಗಿದಾಗ ಏಳುತ್ತದೆ. ಪ್ರತಿ ವರ್ಷ ನೋಡುತ್ತಿರಬೇಕು.

ಈ ಕಾಗದವನ್ನು ಚಾವಡಿಗೆ ಒಯ್ದು ಎಲ್ಲರ ಮುಂದೆ ಓದಿ ಹೇಳಿದೆ.

೨೪ ಫೆಬ್ರವರಿ ೧೯೩೯

ಶುಕ್ರವಾರ. ಕೆರೆ ಬಹಳ ಇಳಿದಿದೆ. ದಂಡೆಯ ಕೆಸರು ಅರ್ಧ ಒಣಗಿ ಬಿರಿಯುತ್ತಿದೆ. ಮುಂಜಾನೆಯಿಂದ ಬಾಗಿ ಬಾಗಿ ನೋಡುತ್ತ ಹೋಗುತ್ತಿದ್ದೆ. ದ್ಯಾವಪ್ಪಣ್ಣ ಆಚೆ ತುದಿಯಿಂದ ನೋಡುತ್ತ ಬರುತ್ತಿದ್ದರು. ದಿನವೂ ಹೀಗೇ, ನಡುವೆ ದಾಟಿಕೊಂಡು ಹೋಗುತ್ತೇವೆ.

ಇಂದು ಅವರು ನಿಂತರು. "ಮಾಸ್ತರ, ಇಲ್ಲಿ ಬರ್ರಿ" ಎಂದರು. ನಾಲ್ಕು ತಿಂಗಳಲ್ಲಿ ಮೊದಲ ಮಾತು.

ಕೆಸರಿನಲ್ಲಿ ಒಂದು ಸಸಿ. ಬೆರಳುದ್ದ, ಎರಡೇ ಎಲೆ, ಪಟ್ಟಿಯಂತೆ ಚಪ್ಪಟೆ. ಉಬ್ಬಿದ ತೊಟ್ಟಿಲ್ಲ.

"ಇದು ಅದs ಏನು? ಇಲ್ಲಾ ನಮ್ಮ ಕೆರಿ ಸೊಪ್ಪೋ? ನಮ್ಮ ಹೆಣ್ಣುಮಕ್ಕಳು ಒಂದು ಸೊಪ್ಪು ಪಲ್ಯಾಕ್ಕ ಒಯ್ತಾರ, ಎಳೀದು ಇದ್ದಾಗ ಹಿಂಗs ಇರ್ತೈತಿ."

ಮೊಣಕಾಲೂರಿ ಕುಳಿತು ಬಹಳ ಹೊತ್ತು ನೋಡಿದೆ. ಎಲೆಯ ಬುಡ ನೋಡಿದೆ, ಬೇರಿನ ಬಣ್ಣ ನೋಡಿದೆ. ಅದೂ ಇರಬಹುದು, ಇದೂ ಇರಬಹುದು.

"ಗೊತ್ತಾಗವಲ್ದು ದ್ಯಾವಪ್ಪಣ್ಣ. ಹೂ ಬಂದ್ರ ಹೇಳಬಹುದು."

"ಹೂ ಬಂದ ಮ್ಯಾಲ ತಡ ಆಗ್ತೈತಿ."

"ಹೌದು" ಎಂದೆ.

ಅವರು ಕಾದರು. ನಾನು ಸಸಿಯ ಸುತ್ತ ಬೆರಳಿನಿಂದ ಕೆಸರು ಬಿಡಿಸಿ, ಒಂದು ಎಳೆ ಬೇರೂ ಉಳಿಯದಂತೆ ಎತ್ತಿ, ಅವರು ಹಿಡಿದ ಬುಟ್ಟಿಗೆ ಹಾಕಿದೆ. ಅವರು ಬುಟ್ಟಿಯನ್ನು ಎಡಗೈಯಿಂದ ಸೊಂಟಕ್ಕೆ ಏರಿಸಿಕೊಂಡು ಬಿಸಿಲು ನೋಡಿದರು.

"ನಾಳೆ ಶಾಲಿ ಬಿಟ್ಟ ಮ್ಯಾಲ ಆ ಕಡೆ ದಂಡಿ ನೋಡೋಣು" ಎಂದರು.